ಮಾರ್ಚ್ ತಿಂಗಳ ಸೂತಕ

ನನ್ನ ಮದುವೆ ಆದದ್ದು ಚಳಿಗಾಲದಲ್ಲಿ. ಅದು ಕಳೆದು ಬಿಸಿಲು ಏರುವ ಹೊತ್ತಿಗೆ ನಮ್ಮವರು ಬೇರೆ ಮನುಷ್ಯರಾಗಿಬಿಟ್ಟರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಕೊನೆಯ ಬಸ್ಸಿಗೆ ಬರುವುದು. ಊಟಕ್ಕೆ ಕೂತಾಗ ಮಾತಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಮಜ್ಜಿಗೆ ಹಾಕಲೇ ಎಂದು ಕೇಳಿದರೆ ಕೈ ಎತ್ತಿ ತಡೆಯುತ್ತಿದ್ದರು, ಮನಸ್ಸಿನಲ್ಲಿ ಕೂಡುತ್ತಿದ್ದ ಅಂಕಿ ಎಲ್ಲಿ ತಪ್ಪಿಹೋಗುತ್ತದೋ ಎನ್ನುವ ಹಾಗೆ. ನನ್ನ ಮೇಲೆ ಸಿಟ್ಟಿರಬೇಕು ಅಂದುಕೊಂಡೆ. ಹೊಸದಾಗಿ ಮದುವೆಯಾಗಿ ಬಂದವಳಿಗೆ ಬೇರೆ ಏನು ಹೊಳೆಯುತ್ತದೆ?

ಅವರು ಸಿದ್ದಾಪುರ ಪೇಟೆಯಿಂದ ಒಳಗಿದ್ದ ಒಂದು ಹಳ್ಳಿಯ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿ. ಹೆಸರು ಕೇಳಲು ದೊಡ್ಡದು. ಸದಸ್ಯರಿಗೆ ಬೆಳೆಸಾಲ ಕೊಡುವುದು, ತುಂಬಿಸಿಕೊಳ್ಳುವುದು, ಠೇವಣಿ, ಗೊಬ್ಬರ, ರೇಶನ್ ಸಕ್ಕರೆ, ಎಲ್ಲದರ ಲೆಕ್ಕ ಬರೆಯುವವರು ಅವರೊಬ್ಬರೇ. ಗೊಬ್ಬರದ ಅಂಗಡಿ ನೋಡಿಕೊಳ್ಳಲು ಒಬ್ಬ ಗುಮಾಸ್ತರಿದ್ದರು. ಬಾಗಿಲು ತೆಗೆಯಲು, ನೋಟೀಸು ಹಂಚಲು ವಯಸ್ಸಾದ ಒಬ್ಬ ಸಿಪಾಯಿ ಇದ್ದ. ಅಷ್ಟೇ ಸಂಘ. ನಾವಿದ್ದದ್ದು ಸಿದ್ದಾಪುರ ಪೇಟೆಯ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ.

ಕೊನೆಗೆ ಒಂದು ದಿನ ಕೇಳಿಯೇಬಿಟ್ಟೆ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಕ್ಕರು.

"ಇದು ಮಾರ್ಚ್. ದುಡ್ಡು ಬತ್ತಾ ಇರ್ತು, ಹೋಗ್ತಾ ಇರ್ತು. ವರ್ಷಕ್ಕೆ ಒಂದು ದಿನ ನಿಲ್ಸಿ ನೋಡ್ದೇ ಇದ್ರೆ ಸಂಘ ಬದುಕಿದ್ದಾ ಸತ್ತಿದ್ದಾ ಹೇಳೇ ಗೊತ್ತಾಗ್ತಿಲ್ಲೆ."

ನಾನು ಶಿರಸಿಯ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು. ಲೆಕ್ಕದ ವರ್ಷ ಎಂದರೇನು ಎಂದು ಪರೀಕ್ಷೆಗೆ ಬರೆದಿದ್ದೆ, ಅಂಕವನ್ನೂ ಪಡೆದಿದ್ದೆ. ಅದು ಒಬ್ಬ ಮನುಷ್ಯನ ಊಟ, ನಿದ್ದೆ, ಮಾತು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ ಎಂದು ತಿಳಿದದ್ದು ಆಗಲೇ. ನಮ್ಮ ತವರಿನಲ್ಲಿ ಹೊಸ ವರ್ಷ ಎಂದರೆ ಯುಗಾದಿ. ಶಿರಸಿ ಪೇಟೆಯ ಅಂಗಡಿಗಳಲ್ಲಿ ದೀಪಾವಳಿಗೆ ಹೊಸ ಪುಸ್ತಕ ಪೂಜೆ ಮಾಡುತ್ತಿದ್ದುದನ್ನು ನೋಡಿದ್ದೆ. ಸಂಘಕ್ಕೆ ಏಪ್ರಿಲ್ ಒಂದನೇ ತಾರೀಕು. ಮೊದಲು ಸಹಕಾರಿ ಸಂಘಗಳು ಜೂನ್ ಕೊನೆಗೆ ಲೆಕ್ಕ ಮುಗಿಸುತ್ತಿದ್ದವಂತೆ. ಹಳೆಯ ನಿರ್ದೇಶಕರೊಬ್ಬರು ಮಾತ್ರ ಇನ್ನೂ, ಜೂನ್ ಲೆಕ್ಕವೇ ಸಮ, ಮಳೆ ಹಿಡಿದ ಮೇಲೆ ಪುರುಸೊತ್ತಿನಿಂದ ಬರೆಯಬಹುದಿತ್ತು ಎಂದು ಗೊಣಗುತ್ತಿದ್ದರು ಎಂದು ನಮ್ಮವರು ಹೇಳುತ್ತಿದ್ದರು.

ಮುಂದಿನ ವರ್ಷದಿಂದ ನಾನೂ ಸೇರಿಕೊಂಡೆ. ಮಾರ್ಚ್ ತಿಂಗಳ ಭಾನುವಾರ ಮಧ್ಯಾಹ್ನ ಅವರು ಚೀಲದಲ್ಲಿ ಪುಸ್ತಕ ತರುತ್ತಿದ್ದರು. ದಿನದ ಪ್ರತಿ ರೂಪಾಯಿಯೂ ಮೊದಲು ಬಂದು ಬೀಳುವ ಪುಸ್ತಕಕ್ಕೆ ಕಿರ್ದಿ ಎನ್ನುತ್ತಾರೆ. ಅಲ್ಲಿಂದ ಅದು ಅವರವರ ಖಾತೆಗೆ ಹೋಗಬೇಕು. ಅವರು ಕಿರ್ದಿ ಓದುವುದು, ನಾನು ಖಾತೆಯಲ್ಲಿ ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕುವುದು. ನಡುವೆ ಒಮ್ಮೆ ಚಹಾ. ಓದುವಾಗ ಅವರು ಪ್ರತಿ ಸದಸ್ಯರ ಬಗ್ಗೆ ಒಂದು ಮಾತು ಸೇರಿಸುತ್ತಿದ್ದರು: ಇವರ ಮಗಳ ಮದುವೆ ಆಯಿತು, ಇವರು ಎಷ್ಟು ತೊಂದರೆಯಿದ್ದರೂ ಮಾರ್ಚ್ ದಾಟಿಸುವವರಲ್ಲ, ಈ ಹೆಂಗಸು ಸಾಲ ತುಂಬಲು ಬಂದಾಗಲೆಲ್ಲ ಬಸಳೆ ಸೊಪ್ಪು ತರುತ್ತಾಳೆ. ನಾನು ಆ ಊರಿಗೆ ಒಂದೆರಡು ಸಲ ಹೋಗಿದ್ದೆನಷ್ಟೆ. ಆದರೂ ಅಲ್ಲಿನ ಜನ ನನಗೆ ಪರಿಚಯದವರಾಗಿದ್ದರು. ಹಾಗೆ ನೋಡಿದರೆ ನಾವಿಬ್ಬರೂ ಎದುರುಬದುರು ಕೂತು ಹೆಚ್ಚು ಮಾತಾಡಿದ್ದು ಆ ಭಾನುವಾರಗಳಲ್ಲೇ.

ಮಗಳು ಹುಟ್ಟಿದಳು. ಅವಳು ಮಾತು ಕಲಿಯುವಾಗಲೇ "ಮಾರ್ಚ್ ಮುಗೀಲಿ" ಎನ್ನುವುದನ್ನೂ ಕಲಿತಳು. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ಉತ್ತರ. ಬಚ್ಚಲಿನ ತಗಡು ಬದಲಾಯಿಸುವುದು ಮಾರ್ಚ್ ಮುಗಿದ ಮೇಲೆ. ಬನವಾಸಿಗೆ ಹೋಗಿಬರುವುದು ಮಾರ್ಚ್ ಮುಗಿದ ಮೇಲೆ. ಅದೊಂದು ವರ್ಷ, ತೊಂಬತ್ತರ ದಶಕದ ನಡುವೆ, ಫೆಬ್ರವರಿಯಿಂದಲೇ ಅವರಿಗೆ ಎದೆಯುರಿ ಶುರುವಾಗಿತ್ತು. ಮೆಟ್ಟಿಲು ಹತ್ತಿದರೆ ಎಡಗೈ ಸೆಳೆಯುತ್ತದೆ ಎನ್ನುತ್ತಿದ್ದರು. ಶಿರಸಿಯ ಡಾಕ್ಟರಿಗೆ ತೋರಿಸೋಣ ಎಂದು ನಾನೂ, ಊರಿನಿಂದ ಬಂದಿದ್ದ ಅತ್ತೆಯೂ ಹೇಳಿದೆವು. ಅವರು ಜೀರಿಗೆ ಕಷಾಯ ಕುಡಿದು ಚೀಲ ಹೆಗಲಿಗೇರಿಸಿದರು. ವಸೂಲಿಯ ಕಾಲ, ಸದಸ್ಯರು ಮೂವತ್ತೊಂದನೇ ತಾರೀಕಿನೊಳಗೆ ಸಾಲ ತುಂಬಿದರೆ ಮಾತ್ರ ಏಪ್ರಿಲ್‌ನಲ್ಲಿ ಹೊಸ ಸಾಲ. ತಪ್ಪಿದರೆ ಕಟಬಾಕಿ ಎಂದು ಹೆಸರಿನ ಮುಂದೆ ಬೀಳುತ್ತದೆ, ಬಡ್ಡಿಯೂ ಏರುತ್ತದೆ.

ಮೂರನೇ ವಾರದಲ್ಲಿ ಒಂದು ದಿನ, ವಸೂಲಾದ ಹಣವನ್ನು ಬ್ಯಾಂಕಿಗೆ ಕಟ್ಟಲು ಶಿರಸಿಗೆ ಹೋದರು. ಕಟ್ಟಿದರು. ವಾಪಸು ಬರಲು ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸು ಹತ್ತಿ ಕೂತಿದ್ದರಂತೆ. ಬಸ್ಸು ಹೊರಡುವ ಮೊದಲು ಪಕ್ಕದವರ ಭುಜದ ಮೇಲೆ ತಲೆ ಇಟ್ಟರು. ನಿದ್ದೆ ಬಂದಿರಬೇಕು ಎಂದು ಆ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದನಂತೆ. ನಮ್ಮ ಓಣಿಯ ಮೂಲೆಯ ಕಿರಾಣಿ ಅಂಗಡಿಗೆ ಫೋನ್ ಬಂತು. ಮಗಳನ್ನು ಎತ್ತಿಕೊಂಡು ಬಾಡಿಗೆ ಜೀಪಿನಲ್ಲಿ ಶಿರಸಿಯ ಆಸ್ಪತ್ರೆ ಮುಟ್ಟುವಾಗ ಮುಗಿದಿತ್ತು. ನರ್ಸ್ ಒಬ್ಬಳು ಅವರ ಚೀಲವನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಬ್ಯಾಂಕಿನ ಚಲನ್ನು ಮಡಚಿ ಇಟ್ಟಿತ್ತು. ಅದನ್ನು ನೋಡಿದಾಗ ನನಗೆ ಬಂದ ಮೊದಲ ಯೋಚನೆ, ಇದು ಇವತ್ತೇ ಕಿರ್ದಿಗೆ ಹೋಗಬೇಕಲ್ಲ ಎಂದು. ಯಾಕೆ ಹಾಗೆ ಅನಿಸಿತೋ ಗೊತ್ತಿಲ್ಲ.

ಅಲ್ಲಿಂದ ಯಲ್ಲಾಪುರದ ಕಡೆ, ಅವರು ಹುಟ್ಟಿದ ಮನೆಗೆ ಒಯ್ದೆವು. ಮಾವ ಇರಲಿಲ್ಲ. ಅತ್ತೆ, ಮೈದುನ, ಅವನ ಹೆಂಡತಿ ಇದ್ದರು. ನಮಗೆ ಗಂಡುಮಕ್ಕಳಿಲ್ಲದ್ದರಿಂದ ಕ್ರಿಯೆಗೆ ಮೈದುನನೇ ಕೂತ. ಅತ್ತೆ ಮಗನ ಕಾಲು ಹಿಡಿದುಕೊಂಡು, ಶೀತ ಆಗಿದ್ದು, ಶೀತ ಆಗಿದ್ದು ಎಂದು ಉಜ್ಜುತ್ತಲೇ ಇದ್ದರು. ನಾನು ಗೋಡೆಗೆ ಒರಗಿ ಕೂತಿದ್ದೆ. ನನಗೆ ಅಳು ಬರಲಿಲ್ಲ. ಬಂದವರು, ಅತ್ತುಬಿಡು ಕೂಸೆ ಎನ್ನುತ್ತಿದ್ದರು. ತಲೆ ಅಲ್ಲಾಡಿಸುತ್ತಿದ್ದೆ.

ಮೂರ್ನಾಲ್ಕು ದಿನ ಕಳೆದ ಮೇಲೆ ಮನೆಯ ಎದುರು ಒಂದು ಜೀಪು ನಿಂತಿತು. ಸಂಘದ ಅಧ್ಯಕ್ಷರು ಇಳಿದರು, ಹಿಂದೆ ಸಿಪಾಯಿ. ಅಧ್ಯಕ್ಷರು ಅರವತ್ತು ದಾಟಿದವರು, ಮೆತ್ತಗೆ ಮಾತಾಡುವವರು. ಜಗಲಿಯಲ್ಲಿ ಕೂತರು. ಕೊಟ್ಟ ನೀರನ್ನು ಕುಡಿಯಲಿಲ್ಲ. ಆಮೇಲೆ ನನ್ನನ್ನು ಕರೆಯಿಸಿದರು.

"ತಂಗಿ, ಕೇಳಲೆ ನಾಚಿಕೆ ಆಗ್ತು," ಎಂದರು. "ಆದ್ರೆ ಬೇರೆ ದಾರಿ ಕಾಣ್ತಿಲ್ಲೆ."

ವಿಷಯ ಇಷ್ಟು. ಜನ ದಿನಾ ಸಾಲ ತುಂಬಲು ಬರುತ್ತಿದ್ದರು. ಅಧ್ಯಕ್ಷರೂ ಗುಮಾಸ್ತರೂ ಹೇಗೋ ರಶೀದಿ ಹರಿದು ಹಣ ತೆಗೆದುಕೊಳ್ಳುತ್ತಿದ್ದರು. ಆದರೆ ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಎಂದು ಬಿಡಿಸಿ ಪುಸ್ತಕಕ್ಕೆ ಇಳಿಸುವುದು ಇಬ್ಬರಿಗೂ ಬರದು. ಬ್ಯಾಂಕಿನವರನ್ನು ಕೇಳಿದರೆ ಅವರ ಸೂಪರ್‌ವೈಜರ್ ಹತ್ತಾರು ಸಂಘ ಸುತ್ತುತ್ತಿದ್ದಾರೆ, ಏಪ್ರಿಲ್ ಮುಗಿಯದೆ ಸಿಗುವುದಿಲ್ಲ. ಮೂವತ್ತೊಂದರೊಳಗೆ ಬರೆಯದಿದ್ದರೆ ದುಡ್ಡು ಕೊಟ್ಟವರೂ ಕಟಬಾಕಿಯ ಪಟ್ಟಿಯಲ್ಲಿ ಉಳಿಯುತ್ತಾರೆ. ನಮ್ಮವರು ಎಂದೋ ಮಾತಿನ ಮಧ್ಯೆ, ನನ್ನ ಹೆಂಡತಿ ಬಿ.ಕಾಂ., ನನ್ನ ತಪ್ಪನ್ನು ಹಿಡಿಯುವವಳು ಅವಳೇ ಎಂದಿದ್ದರಂತೆ. ಅದನ್ನು ನೆನಪಿಟ್ಟುಕೊಂಡು ಆಡಳಿತ ಮಂಡಳಿಯ ತುರ್ತು ಸಭೆ ಕರೆದು, ನನ್ನನ್ನು ತಾತ್ಕಾಲಿಕವಾಗಿ ನೇಮಿಸುವ ಠರಾವನ್ನೂ ಮಾಡಿಕೊಂಡೇ ಬಂದಿದ್ದರು. ಒಪ್ಪದಿದ್ದರೆ ಬೇಸರವಿಲ್ಲ ಎಂದರು.

ಮೈದುನನಿಗೆ ಸಿಟ್ಟು ಬಂತು. ಅವನು ಒರಟನಲ್ಲ, ಅಣ್ಣನನ್ನು ಕಳೆದುಕೊಂಡವನು. ಸೂತಕದ ಮನೆಗೆ ಲೆಕ್ಕದ ಪುಸ್ತಕ ತರುವುದೆಂದರೇನು, ಗಂಡ ಸತ್ತು ವಾರ ಆಗಿಲ್ಲ, ಜನ ಏನು ಹೇಳುತ್ತಾರೆ ಎಂದ. ಅಧ್ಯಕ್ಷರು ತಲೆ ತಗ್ಗಿಸಿದರು. ಕ್ರಿಯೆ ಮಾಡಿಸಲು ಬಂದಿದ್ದ ಭಟ್ಟರನ್ನು ಕೇಳಿದಾಗ ಅವರು, ಇದು ದೇವರ ಕಾರ್ಯವೂ ಅಲ್ಲ, ಪಿತೃಕಾರ್ಯವೂ ಅಲ್ಲ, ಮಾಡಬಾರದು ಎಂದು ಹೇಳಲು ನನಗೆ ಆಧಾರವಿಲ್ಲ ಎಂದು ಜಾರಿಕೊಂಡರು. ಎಲ್ಲರೂ ನನ್ನನ್ನು ನೋಡುವವರೇ. ನನಗೆ ಬೇಕೋ ಬೇಡವೋ ಎನ್ನುವುದೇ ತಿಳಿಯುತ್ತಿರಲಿಲ್ಲ. ಆಗ ಒಳಗಿನಿಂದ ಅತ್ತೆ ಬಂದು ಬಾಗಿಲ ದಾರಂದ ಹಿಡಿದು ನಿಂತರು. ನಾಲ್ಕು ದಿನದಲ್ಲಿ ಅವರು ಕುಗ್ಗಿಹೋಗಿದ್ದರು.

"ಅಂವ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವ ಅಲ್ಲ," ಎಂದರು. "ನಿಂಗೆ ಬತ್ತು ಹೇಳಾದ್ರೆ ಮುಗ್ಸು."

ಮೈದುನ ಎದ್ದು ಹಿತ್ತಿಲಿಗೆ ಹೋದ. ಸಿಪಾಯಿ ಜೀಪಿನಿಂದ ಎರಡು ಗಂಟು ಇಳಿಸಿದ, ಹಳೆಯ ಧೋತ್ರದಲ್ಲಿ ಕಟ್ಟಿದ್ದು.

ಬೆಳಗಿನ ಹೊತ್ತು ಮೈದುನ ಭಟ್ಟರ ಜೊತೆ ಹಳ್ಳಕ್ಕೆ ಹೋಗಿ ಕ್ರಿಯೆ ಮುಗಿಸಿ ಬರುತ್ತಿದ್ದ. ಉಪ್ಪು ಖಾರ ಕಡಿಮೆಯ ಊಟ. ಅದಾದ ಮೇಲೆ ನಾನು ನಡುಮನೆಯ ಕಿಟಕಿ ಕೆಳಗೆ ಚಾಪೆ ಹಾಕಿ ಕೂರುತ್ತಿದ್ದೆ. ಕಿರ್ದಿ ತೆರೆದೆ. ಅವರ ಕೈಬರಹ ಒಂದು ಕಡೆ ನಿಂತಿತ್ತು. ಅಲ್ಲಿಂದ ಕೆಳಗೆ ಖಾಲಿ ಗೆರೆಗಳು. ಅವರು ಏಳು ಬರೆಯುವಾಗ ಬಾಲವನ್ನು ಸ್ವಲ್ಪ ಉದ್ದ ಎಳೆಯುತ್ತಿದ್ದರು. ಎಷ್ಟೋ ಸಲ ಅದನ್ನು ನೋಡಿ ತಮಾಷೆ ಮಾಡಿದ್ದೆ. ಅವರು ಸತ್ತ ದಿನದ ತಾರೀಕನ್ನು ನಾನು ಬರೆದು, ಶಿರಸಿಯಲ್ಲಿ ಕಟ್ಟಿದ ಹಣವನ್ನು ಆ ಚಲನ್ನು ನೋಡಿ ಇಳಿಸಿದೆ. ನನ್ನ ಮೊದಲ ಗೆರೆ ಅದು. ಅಕ್ಷರ ನೆಟ್ಟಗಿರಲಿ ಎಂದು ಉಸಿರು ಬಿಗಿಹಿಡಿದು ಬರೆದೆ.

ಸಿಪಾಯಿ ದಿನ ಬಿಟ್ಟು ದಿನ ಬರುತ್ತಿದ್ದ. ಸಿದ್ದಾಪುರದಿಂದ ಶಿರಸಿ, ಶಿರಸಿಯಲ್ಲಿ ಬಸ್ಸು ಬದಲಾಯಿಸಿ ಯಲ್ಲಾಪುರದ ದಾರಿ. ಅವನ ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ರಶೀದಿಯ ಪುಸ್ತಕ ತಂದು ಜಗಲಿಯ ಮೇಲಿಟ್ಟು, ನಾನು ಬರೆದು ಮುಗಿಸುವವರೆಗೆ ತೆಂಗಿನಮರದ ಬುಡದಲ್ಲಿ ಕೂತಿರುತ್ತಿದ್ದ. ಮಗಳು ಅವನ ಹತ್ತಿರ ಹೋಗಿ, ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳುವುದು ಕಿಟಕಿಯಿಂದ ಕೇಳಿಸುತ್ತಿತ್ತು. ಅವನು ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದುಕೊಡುತ್ತಿದ್ದ.

ಬರೆಯುತ್ತಾ ಹೋದಂತೆ ಪ್ರತಿ ಹೆಸರಿನ ಜೊತೆಗೂ ಅವರು ಹೇಳುತ್ತಿದ್ದ ಮಾತು ನೆನಪಾಗುತ್ತಿತ್ತು. ಮಗಳ ಮದುವೆ ಮಾಡಿದವರು ತುಂಬಿದ್ದರು. ಬಸಳೆ ತರುವ ಹೆಂಗಸು ತುಂಬಿದ್ದಳು. ಕಾರ್ಯದರ್ಶಿ ಹೋದ ಸುದ್ದಿ ಕೇಳಿ, ನಾಳೆ ಏನಾಗುತ್ತದೋ ಎಂದು ತಾರೀಕಿಗೆ ಮೊದಲೇ ಬಂದು ತುಂಬಿದವರೂ ಇದ್ದರು. ಮನೆಗೆ ನೆಂಟರು ಬಂದು ಕಣ್ಣು ಒರೆಸಿಕೊಂಡು, ಒಳಗೆ ಕೂತು ಬರೆಯುತ್ತಿರುವ ನನ್ನನ್ನು ನೋಡಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬರು, ಗಟ್ಟಿ ಹೆಂಗಸು ಎಂದರು. ಅದು ಹೊಗಳಿಕೆಯಾಗಿರಲಿಲ್ಲ. ಅತ್ತೆ ಮಾತ್ರ ನಡುನಡುವೆ ಬಂದು ಹತ್ತಿರ ಕೂತು, ಮಗನ ಬರಹ ಇದ್ದ ಪುಟ ಯಾವುದು ಎಂದು ಕೇಳಿ ನೋಡುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ.

ಮೂವತ್ತೊಂದನೇ ತಾರೀಕು ಅಧ್ಯಕ್ಷರೇ ಬಂದರು. ವರ್ಷದ ಕೊನೆಯ ದಿನದ ಕಿರ್ದಿಗೆ ಅವರ ಸಹಿ ಬೇಕಿತ್ತು. ಆ ದಿನ ಬರೆಯಬೇಕಾದ್ದು ಇನ್ನೂ ಒಂದಿತ್ತು. ವರ್ಷ ಮುಗಿಯುವಾಗ, ಆ ವರ್ಷಕ್ಕೆ ಸೇರಿದ ಖರ್ಚು ಕೈಯಿಂದ ಹೋಗಿರಲಿ ಬಿಡಲಿ, ಆ ವರ್ಷದ ಲೆಕ್ಕಕ್ಕೇ ಹಿಡಿಯಬೇಕು. ಮಾರ್ಚ್ ತಿಂಗಳ ಸಂಬಳವನ್ನು ಏಪ್ರಿಲ್‌ನಲ್ಲಿ ಕೊಟ್ಟರೂ ಅದು ಮಾರ್ಚಿನ ಋಣವೇ. ಹಾಗಾಗಿ ಸಿಬ್ಬಂದಿಯ ಸಂಬಳದ ಹಾಳೆ ಮಾಡಲು ಕೂತೆ. ಸಿಪಾಯಿಯದು ಬರೆದೆ. ಗುಮಾಸ್ತರದು ಬರೆದೆ. ಮೇಲಿನ ಗೆರೆ ಕಾರ್ಯದರ್ಶಿಯದು. ಅದನ್ನು ಬಿಟ್ಟಿದ್ದೆ.

ಅಧ್ಯಕ್ಷರಿಗೆ ಅರ್ಥವಾಯಿತು. "ಇಡೀ ತಿಂಗಳದ್ದೇ ಬರೆ ತಂಗಿ," ಎಂದರು. "ಯಾರೂ ಕೇಳ್ತ್ವಿಲ್ಲೆ."

"ಅವು ಇದ್ದಷ್ಟು ದಿನದ್ದು ಬರೀತೆ," ಎಂದೆ. "ಬಾಕಿದು ಬರೀಲೆ ನನ್ನ ಕೈಲಾಗ್ತಿಲ್ಲೆ."

ಪ್ರಾಮಾಣಿಕತೆ ತೋರಿಸಬೇಕೆಂದು ಹಾಗೆ ಹೇಳಿದ್ದಲ್ಲ. ಅವರಿಲ್ಲದ ದಿನಗಳಿಗೆ ಅವರ ಹೆಸರು ಬರೆಯಲು ಪೆನ್ನು ಏಳಲಿಲ್ಲ, ಅಷ್ಟೇ. ತಿಂಗಳ ಸಂಬಳವನ್ನು ತಿಂಗಳ ದಿನಗಳಿಂದ ಭಾಗಿಸಿದೆ. ಎಷ್ಟರಿಂದ ಗುಣಿಸಬೇಕು ಎನ್ನುವಲ್ಲಿ ನಿಂತುಬಿಟ್ಟೆ. ಸತ್ತ ದಿನವನ್ನು ಹಿಡಿಯಬೇಕೋ ಬಿಡಬೇಕೋ? ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಅಧ್ಯಕ್ಷರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಾ ಕೂತರು.

"ಆ ದಿನ ಅಂವ ಸಂಘದ ಕೆಲಸದ ಮೇಲೇ ಹೋಗಿದ್ದ," ಎಂದರು. "ಹಿಡಿ."

ಹಿಡಿದೆ. ದೀಪಾವಳಿಗೆ ಅವರು ಸಂಘದಿಂದ ಹಬ್ಬದ ಮುಂಗಡ ಪಡೆದು ಮಗಳಿಗೆ ಕಿವಿಯ ಓಲೆ ಮಾಡಿಸಿದ್ದರು. ಅದರ ಕಂತು ಉಳಿದಿತ್ತು. ಅದನ್ನು ಆ ಸಂಬಳದಲ್ಲೇ ಮುರಿದುಕೊಂಡೆ. ಉಳಿದದ್ದನ್ನು ಸಂಘ ಕೊಡಬೇಕಾದ ಬಾಬ್ತಿಗೆ ಬರೆದೆ. ಪಡೆಯತಕ್ಕವರು ಎಂಬಲ್ಲಿ ನನ್ನದೇ ಹೆಸರು ಬರೆಯಬೇಕಾಯಿತು. ಅಧ್ಯಕ್ಷರು ಸಹಿ ಹಾಕಿದರು. ಕೂಡಿ ನೋಡಿದಾಗ ಜಮೆ ಖರ್ಚು ಎರಡೂ ತಾಳೆಯಾಗಿತ್ತು. ಹಿಂದಿನ ವರ್ಷಗಳಲ್ಲಿ ಹಾಗೆ ತಾಳೆಯಾದರೆ ನಮ್ಮವರು ಗೆದ್ದವರ ಹಾಗೆ ನಗುತ್ತಾ ಮಗಳನ್ನು ಎತ್ತಿ ಆಡಿಸುತ್ತಿದ್ದರು. ನಾನು ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ.

ಸೂತಕ ಕಳೆಯಿತು. ವೈಕುಂಠ ಸಮಾರಾಧನೆಯ ಊಟ ಆಯಿತು. ವರ್ಷದ ಉಳಿದ ಕೆಲಸವೆಲ್ಲ ಇನ್ನೂ ಬಾಕಿ ಇತ್ತು. ಕುರ್ಚಿ ಮೇಜುಗಳ ಸವಕಳಿ ತೆಗೆಯಬೇಕು, ಗೊಬ್ಬರದ ದಾಸ್ತಾನಿಗೆ ಬೆಲೆ ಕಟ್ಟಬೇಕು, ಲಾಭವೋ ಹಾನಿಯೋ ನೋಡಬೇಕು. ಅದನ್ನು ಕಚೇರಿಯಲ್ಲೇ ಕೂತು ಮಾಡಬೇಕು. ಮಗಳ ಜೊತೆ ಸಿದ್ದಾಪುರಕ್ಕೆ ಹೊರಟೆ. ಮೈದುನ ಬೇಡವೆಂದು ಬಹಳ ಹೇಳಿದ. ಇಲ್ಲೇ ಇರಿ ಅತ್ತಿಗೆ, ನಮಗೆ ಇದ್ದದ್ದು ನಿಮಗೂ ಇದೆ ಎಂದ. ಮನಸಾರೆಯೇ ಹೇಳಿದ. ಬಸ್ಸು ಬರುವ ಹೊತ್ತಿಗೆ ಅತ್ತೆ ಒಂದು ಚೀಲ ಹಿಡಿದು ಬಂದು ನಮ್ಮ ಪಕ್ಕ ನಿಂತರು. ಮನೆಯಲ್ಲಿ ಕೂಸೊಂದೇ ಆಗುತ್ತದಲ್ಲ, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಮಗನಿಗೆ ಹೇಳಿದರು. ಆ ಸ್ವಲ್ಪ ದಿನ ಅವರ ಉಳಿದ ಆಯುಷ್ಯವೇ ಆಯಿತು.

ಜುಲೈನಲ್ಲಿ ಆಡಿಟ್. ಬಂದವರು ಹಾವೇರಿ ಕಡೆಯವರು, ನಿವೃತ್ತಿಗೆ ಹತ್ತಿರವಾದ ಲೆಕ್ಕಪರಿಶೋಧಕರು. ಒಂದೊಂದೇ ಪುಟ ಮಗುಚುತ್ತಾ ಬಂದವರು ಮಾರ್ಚಿನಲ್ಲಿ ನಿಂತರು.

"ಇಲ್ಲಿಂದ ಅಕ್ಷರ ಬ್ಯಾರೆ ಅದಾವಲ್ರಿ. ಯಾರು ಬರದಾರ ಇದನ್ನ?"

ನಾನು ಎಂದೆ. ನೇಮಕದ ಠರಾವನ್ನು ಮುಂದಿಟ್ಟೆ. ಅವರು ಠರಾವಿನ ತಾರೀಕು ನೋಡಿದರು, ಸಂಬಳದ ಹಾಳೆ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಕುಂದರ್ರಿ ಅಮ್ಮಾ," ಎಂದರು. "ನಿಂತು ಯಾಕ ಉತ್ತರ ಕೊಡ್ತೀರಿ."

ಆ ಪುಟದಲ್ಲಿ ಅವರು ಏನೂ ಆಕ್ಷೇಪ ಬರೆಯಲಿಲ್ಲ. ಬೇರೆ ಪುಟಗಳಲ್ಲಿ ಬರೆದರು. ಬಡ್ಡಿ ಲೆಕ್ಕದಲ್ಲಿ ನಾನು ಎರಡು ಕಡೆ ತಪ್ಪಿದ್ದೆ. ಅವನ್ನು ತಿದ್ದಿಸಿದರು.

ಸೆಪ್ಟೆಂಬರಿನ ವಾರ್ಷಿಕ ಮಹಾಸಭೆ ಶಾಲೆಯ ಅಂಗಳದಲ್ಲಿ. ವರದಿಯ ಮೊದಲ ಪುಟದಲ್ಲಿ, ಆ ಸಾಲಿನಲ್ಲಿ ತೀರಿಕೊಂಡ ಸದಸ್ಯರ ಹೆಸರುಗಳ ಮೇಲೆ ನಮ್ಮವರ ಹೆಸರು ಅಚ್ಚಾಗಿತ್ತು. ಇನ್ನೂ ಕೆಲವು ದಿನ ಬದುಕಿದ್ದರೆ ಆ ಹೆಸರು ಮುಂದಿನ ಸಾಲಿನ ವರದಿಗೆ ಹೋಗುತ್ತಿತ್ತು, ಈ ವರದಿಯಲ್ಲಿ ಇರುತ್ತಿರಲಿಲ್ಲ ಎಂದು ಯೋಚಿಸುತ್ತಾ ನಿಂತಿದ್ದೆ. ಎಲ್ಲರೂ ಎದ್ದು ಮೌನ ಆಚರಿಸಿದರು. ಆಮೇಲೆ ಲೆಕ್ಕಪತ್ರ ಓದಲು ನನ್ನನ್ನು ಕರೆದರು. ಓದಿದೆ. ಆ ವರ್ಷ ಸಂಘಕ್ಕೆ ಸಣ್ಣ ಲಾಭವೇ ಬಂದಿತ್ತು. ಸದಸ್ಯರಿಗೆ ಡಿವಿಡೆಂಡ್ ಕೊಡಲು ಒಪ್ಪಿಗೆಯಾಯಿತು. ನಮ್ಮವರ ಇಡೀ ಮಾರ್ಚಿನ ಸಂಬಳ ಕೊಡಬೇಕು ಎಂದು ಯಾರೋ ಹಿಂದಿನಿಂದ ಎದ್ದು ಹೇಳಿದರು, ಅದಕ್ಕೂ ಎಲ್ಲರೂ ಒಪ್ಪಿದರು. ಸಭೆ ಮುಗಿದ ಮೇಲೆ ಒಬ್ಬ ಹೆಂಗಸು ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. ಬಸಳೆ ಸೊಪ್ಪಿನ ಕಟ್ಟೊಂದನ್ನು ಕೊಟ್ಟು ಹೋದಳು.

ತಾತ್ಕಾಲಿಕ ಕೆಲಸ ಮರುವರ್ಷ ಕಾಯಂ ಆಯಿತು. ಬದುಕು ನಡೆಯಿತು. ಆದರೆ ನನ್ನ ವರ್ಷ ಉಳಿದವರ ವರ್ಷದಂತಿರಲಿಲ್ಲ. ಅವರ ತಿಥಿ ಪಂಚಾಂಗದ ಪ್ರಕಾರ ಒಂದೊಂದು ವರ್ಷ ಒಂದೊಂದು ತಾರೀಕಿಗೆ ಬರುತ್ತದೆ, ಕೆಲವೊಮ್ಮೆ ಮಾರ್ಚಿನ ಮೊದಲ ವಾರ, ಅಧಿಕ ಮಾಸ ಬಂದ ವರ್ಷ ಏಪ್ರಿಲ್ ಹತ್ತಿರ. ಮೂವತ್ತೊಂದನೇ ತಾರೀಕು ಮಾತ್ರ ಅಲ್ಲಾಡುವುದಿಲ್ಲ. ತಿಥಿಯ ಹಿಂದಿನ ದಿನ ಸಂಜೆ ಪುಸ್ತಕ ಮುಚ್ಚಿ, ಅತ್ತೆ ಮತ್ತು ಮಗಳ ಜೊತೆ ಯಲ್ಲಾಪುರದ ಕಡೆ ಹೋಗುವುದು, ಶ್ರಾದ್ಧ ಮುಗಿಸಿ ಮರುದಿನ ಮೊದಲ ಬಸ್ಸಿಗೆ ಮರಳುವುದು. ಬಸ್ಸಿನಲ್ಲಿ ಕೂತಾಗಲೂ ಯಾರು ತುಂಬಿದರು, ಯಾರು ಉಳಿದರು ಎಂದೇ ತಲೆಯಲ್ಲಿ ಓಡುತ್ತಿತ್ತು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂರುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿತು. ಸಂಘಕ್ಕೆ ಕಂಪ್ಯೂಟರ್ ಬಂತು. ಶಿರಸಿಗೆ ಹೋಗಿ ತರಬೇತಿ ಮಾಡಿಕೊಂಡು ಬಂದೆ. ಕೂಡಿಸುವುದು, ತಾಳೆ ನೋಡುವುದು ಅದೇ ಮಾಡಿಕೊಳ್ಳುತ್ತದೆ, ಆದರೂ ಮಾರ್ಚ್ ಮಾರ್ಚೇ. ಮಗಳು ಓದಿ ಶಾಲೆಯಲ್ಲಿ ಕಲಿಸುವ ತರಬೇತಿ ಮುಗಿಸಿ, ಯಲ್ಲಾಪುರದ ಹತ್ತಿರವೇ ಕೆಲಸಕ್ಕೆ ಸೇರಿದಳು. ಅವಳಿಗೆ ಅಪ್ಪನ ಮುಖ ಫೋಟೋದಿಂದಲೇ ಗೊತ್ತು. ಅಪ್ಪ ಹೇಗೆ ಮಾತಾಡುತ್ತಿದ್ದ ಎಂದು ಕೇಳಿದಾಗ ಹೇಳಲು ಹೋಗಿ ನನಗೇ ದಿಕ್ಕು ತಪ್ಪುತ್ತಿತ್ತು. ಅಜ್ಜಿಯೇ ಹೇಳುತ್ತಿದ್ದರು.

ಎರಡು ಸಾವಿರದ ಹತ್ತೂ ದಾಟಿದ ಮೇಲೆ, ಒಂದು ಆಗಸ್ಟಿನಲ್ಲಿ, ಅತ್ತೆ ಹೋದರು. ವಯಸ್ಸಾಗಿತ್ತು. ಎರಡು ದಿನ ಜ್ವರ ಬಂತು, ಊರಿಗೆ ಕರೆದುಕೊಂಡು ಹೋಗು ಎಂದರು. ಕರೆದೊಯ್ದೆವು. ತಾವು ಕಾಲಿಟ್ಟು ಸಂಸಾರ ಮಾಡಿದ ಮನೆಯಲ್ಲೇ ಕಣ್ಣು ಮುಚ್ಚಿದರು. ಆಗಸ್ಟ್ ಎಂದರೆ ನಮ್ಮ ಸಂಘದಲ್ಲಿ ಬಿಡುವಿನ ತಿಂಗಳು. ಆಡಿಟ್ ಮುಗಿದಿರುತ್ತದೆ, ಮಹಾಸಭೆಗೆ ಇನ್ನೂ ಹೊತ್ತಿರುತ್ತದೆ. ಫೋನ್ ಮಾಡಿ ರಜೆ ಕೇಳಿದೆ. ಹೊಸ ಅಧ್ಯಕ್ಷರು, ಎಲ್ಲ ಮುಗಿಸಿಕೊಂಡೇ ಬನ್ನಿ, ಇಲ್ಲಿ ಏನೂ ಅವಸರವಿಲ್ಲ ಎಂದರು.

ಏನೂ ಅವಸರವಿಲ್ಲ. ಫೋನ್ ಇಟ್ಟು ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ನಡುಮನೆಯಲ್ಲಿ ಸುಮ್ಮನೆ ಕೂತೆ. ಮಾಡಲು ಏನೂ ಇರಲಿಲ್ಲ. ಒಂದೆರಡು ದಿನ ಕಳೆಯಿತು. ಬೆಳಿಗ್ಗೆ ಮೈದುನ ತಾಯಿಯ ಕ್ರಿಯೆ ಮುಗಿಸಿ ಹಳ್ಳದಿಂದ ಬಂದ. ಅವನಿಗೂ ಈಗ ತಲೆ ನರೆತಿತ್ತು. ಒದ್ದೆ ಪಂಚೆಯಲ್ಲಿ ಬಾಗಿಲ ಬೆಳಕಿಗೆ ಬೆನ್ನು ಮಾಡಿ ನಿಂತಾಗ ಭುಜ, ಕತ್ತು, ನಿಂತ ರೀತಿ ಎಲ್ಲ ಅವರದ್ದೇ. ಅವರು ಬದುಕಿದ್ದರೆ ಈ ವಯಸ್ಸಿಗೆ ಹೀಗೇ ಇರುತ್ತಿದ್ದರು.

ನನ್ನ ಗಂಟಲಿನಿಂದ ಬಂದ ಶಬ್ದ ನನಗೇ ಗುರುತು ಸಿಗಲಿಲ್ಲ. ಮೈದುನ ಗಾಬರಿಯಾದ. ಓರಗಿತ್ತಿ ಓಡಿಬಂದು ಬೆನ್ನು ಸವರಿದಳು. ಅತ್ತೆ ಸೊಸೆ ತಾಯಿ ಮಗಳ ಹಾಗಿದ್ದರು ಎಂದು ಯಾರೋ ಸಮಾಧಾನಕ್ಕೆ ಹೇಳಿದರು. ಅದೂ ನಿಜವೇ. ಆದರೆ ಅಳು ನಿಲ್ಲಲಿಲ್ಲ. ಆ ದಿನ ನಿಲ್ಲಲಿಲ್ಲ, ಮರುದಿನವೂ ಇಲ್ಲ. ಜಗಲಿಯಲ್ಲಿ ಕೂತಲ್ಲಿ ಬರುತ್ತಿತ್ತು, ಬಾವಿಯಿಂದ ನೀರು ಸೇದುವಾಗ ಬರುತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಸೂತಕದ ಮನೆಯಲ್ಲಿ ಅಳುವವರನ್ನು ಯಾರು ಕೇಳುತ್ತಾರೆ?

ಮಗಳು ಮಾತ್ರ ಒಂದು ಮಧ್ಯಾಹ್ನ ಬಂದು ನನ್ನ ಪಕ್ಕ ಕೂತಳು. ಮೆಲ್ಲಗೆ ಕೇಳಿದಳು. "ಅಜ್ಜಿಗಾ ಅಮ್ಮ, ಅಪ್ಪಂಗಾ?"

"ಅಪ್ಪಂಗೆ," ಎಂದೆ.

ಅವಳು ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಒಳಗೆ ಓರಗಿತ್ತಿ ಮಜ್ಜಿಗೆ ಕಡೆಯುತ್ತಿದ್ದಳು. ಊಟಕ್ಕೆ ಕರೆಯುವವರೆಗೂ ನಾವಿಬ್ಬರೂ ಅಲ್ಲೇ ಕೂತಿದ್ದೆವು.